ಜಿಮ್‌ಗೆ ರಜೆ, ಮೈಗೆ ಕೆಲಸ: ಬಿಡುವಿನ ದಿನ ಕಳೆಯುವ ಬಗೆ

ಶನಿವಾರ ಸಂಜೆ ಕಾಲಿನ ಸರದಿ. ಸ್ಕ್ವಾಟ್, ಲಂಜ್, ಲೆಗ್ ಪ್ರೆಸ್ ಎಲ್ಲ ಮುಗಿಸುವಷ್ಟರಲ್ಲಿ, ಮನೆಯ ಮೆಟ್ಟಿಲನ್ನು ಕಂಬಿ ಹಿಡಿದೇ ಹತ್ತಬೇಕಾದಷ್ಟು ತೊಡೆ ಸೋತಿದೆ. ಭಾನುವಾರ ಜಿಮ್ ಬಾಗಿಲು ಹಾಕಿರುತ್ತದೆ. ಚಾರ್ಟಿನಲ್ಲಿ ಆ ದಿನದ ಎದುರು ‘ರೆಸ್ಟ್’ ಎಂದಿದೆ. ಮನೆಯಲ್ಲಿ ಸುಮ್ಮನೆ ಕೂತು ಏನು ಮಾಡುವುದು ಅಂತ ಮೈಸೂರಿನ ಹುಡುಗರ ಗುಂಪೊಂದು ನಸುಕಿನಲ್ಲೇ ಚಾಮುಂಡಿ ಬೆಟ್ಟದ ಪಾದಕ್ಕೆ ಹೋಗುತ್ತದೆ. ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ ಹೊರತು ಕಾಲು ಹೇಗೋ ನಡೆಯುತ್ತದೆ. ತಾಪತ್ರಯ ಇರುವುದು ಇಳಿಯುವುದರಲ್ಲಿ. ದೊಡ್ಡ ನಂದಿ ದಾಟಿ ಕೆಳಗಿನ ಮೆಟ್ಟಿಲುಗಳಿಗೆ ಬರುವಾಗ ತೊಡೆ ತನ್ನಷ್ಟಕ್ಕೆ ತಾನೇ ನಡುಗುತ್ತಿರುತ್ತದೆ; ನಿಂತರೂ ನಡುಕ ನಿಲ್ಲುವುದಿಲ್ಲ. ಸೋಮವಾರ ಆಫೀಸಿನ ಕುರ್ಚಿಯಿಂದ ಏಳಲು ಮೇಜಿಗೆ ಕೈ ಊರಬೇಕು. ಮಂಗಳವಾರ ಅದಕ್ಕಿಂತ ಜಾಸ್ತಿ.

ಚಾರ್ಟಿನ ಪ್ರಕಾರ ಅವರು ವಾರಕ್ಕೊಂದು ದಿನ ಬಿಡುವು ಕೊಟ್ಟಿದ್ದಾರೆ. ತೊಡೆಯ ಪ್ರಕಾರ ಕೊಟ್ಟಿಲ್ಲ.

ಬಿಡುವಿನ ದಿನ ಏನು ಮಾಡಬೇಕು ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಥರದ ಉತ್ತರ ಸಿಗುತ್ತದೆ. ಒಬ್ಬ ಟ್ರೈನರ್ “ಪೂರ್ತಿ ಮಲಗಿಬಿಡಿ ಸರ್, ಏನೂ ಮಾಡ್ಬೇಡಿ” ಅನ್ನುತ್ತಾರೆ. ಇನ್ನೊಬ್ಬರು “ಸುಮ್ನೆ ಇರ್ಬೇಡಿ, ನಲವತ್ತು ನಿಮಿಷ ಕಾರ್ಡಿಯೋ ಹೊಡೀರಿ” ಅನ್ನುತ್ತಾರೆ. ಹಿಂದಿನ ದಿನ ನೀವು ಏನು ಮಾಡಿದ್ದೀರಿ, ಹೊಟ್ಟೆಪಾಡಿಗೆ ಯಾವ ಕೆಲಸ ಮಾಡುತ್ತೀರಿ ಎಂಬುದರ ಮೇಲೆ ಎರಡೂ ಸರಿಯಾಗಬಹುದು, ಎರಡೂ ತಪ್ಪಾಗಬಹುದು. ವ್ಯಾಯಾಮ ಮಾಡಿದ ಮೇಲೆ ಮೈಯ ಬೇರೆಬೇರೆ ಭಾಗಗಳು ಬೇರೆಬೇರೆ ವೇಗದಲ್ಲಿ ಚೇತರಿಸಿಕೊಳ್ಳುತ್ತವೆ. ಸ್ನಾಯುವಿನದು ಒಂದು ಗತಿ, ಅದರೊಳಗಿನ ಇಂಧನದ್ದು ಇನ್ನೊಂದು, ಸ್ನಾಯುವನ್ನು ಮೂಳೆಗೆ ಕಟ್ಟಿಹಿಡಿಯುವ ಸ್ನಾಯುರಜ್ಜುವಿನದು ಮತ್ತೊಂದು. ಈ ಲೆಕ್ಕ ತಿಳಿದರೆ ಬಿಡುವಿನ ದಿನ ಹೇಗೆ ಕಳೆಯಬೇಕು ಎಂಬುದನ್ನು ಯಾರನ್ನೂ ಕೇಳಬೇಕಾಗಿಲ್ಲ.

ಸ್ನಾಯುವಿನ ಒಂದೂವರೆ ದಿನ

ಜಿಮ್‌ನಲ್ಲಿ ಇರುವಷ್ಟು ಹೊತ್ತು ಯಾರಿಗೂ ಶಕ್ತಿ ಬರುವುದಿಲ್ಲ, ಹೋಗುತ್ತದೆ. ಮೊದಲ ಸೆಟ್‌ನಲ್ಲಿ ಹತ್ತು ಸಲ ಎತ್ತಿದ ಭಾರವನ್ನು ನಾಲ್ಕನೇ ಸೆಟ್‌ನಲ್ಲಿ ಏಳು ಸಲ ಎತ್ತಿದರೆ ಹೆಚ್ಚು. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳ ಮೇಲೆ ಬೀಳುವ ಒತ್ತಡವೇ ಒಂದು ಸೂಚನೆ. ಆ ಸೂಚನೆ ಸಿಕ್ಕಿದ ಮೇಲೆ ಜೀವಕೋಶಗಳು ಹೊಸ ಪ್ರೋಟೀನ್ ಕಟ್ಟುವ ವೇಗವನ್ನು ಏರಿಸುತ್ತವೆ. ಈ ಏರಿಕೆ ಎಷ್ಟು ಹೊತ್ತು ಇರುತ್ತದೆ ಎಂದು 1995ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು ಅಳೆದು ನೋಡಿತು. ಆರು ಮಂದಿ ಆರೋಗ್ಯವಂತ ಯುವಕರ ಒಂದು ತೋಳಿಗೆ ಮಾತ್ರ ಕಸರತ್ತು ಮಾಡಿಸಿ, ಇನ್ನೊಂದು ತೋಳನ್ನು ಹೋಲಿಕೆಗೆ ಇಟ್ಟುಕೊಂಡರು. ನಾಲ್ಕು ಗಂಟೆಯ ಹೊತ್ತಿಗೆ ಪ್ರೋಟೀನ್ ಕಟ್ಟುವ ವೇಗ ಶೇ. 50ರಷ್ಟು ಏರಿತ್ತು. 24 ಗಂಟೆಗೆ ಶೇ. 109, ಅಂದರೆ ದುಪ್ಪಟ್ಟಿಗಿಂತಲೂ ಜಾಸ್ತಿ. 36 ಗಂಟೆಯ ಹೊತ್ತಿಗೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿತ್ತು.

ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು 24ನೇ ಗಂಟೆ. ಶನಿವಾರ ಸಂಜೆ ಆರಕ್ಕೆ ಮಾಡಿದ ಕಸರತ್ತಿನ ಕಟ್ಟಡ ಕೆಲಸ ಭಾನುವಾರ ಸಂಜೆ ಆರಕ್ಕೆ ಭರ್ತಿ ಜೋರಿನಲ್ಲಿ ನಡೆಯುತ್ತಿರುತ್ತದೆ. ಹೊಸದಾಗಿ ಶುರುಮಾಡಿದವರಲ್ಲಿ ಈ ಅವಧಿ ಇನ್ನೂ ಉದ್ದ, ಎರಡು ದಿನದವರೆಗೂ ಹೋಗುತ್ತದೆ. ಪಳಗಿದವರಲ್ಲಿ ಬೇಗ ಮುಗಿಯುತ್ತದೆ. “ಒಂದೇ ಸ್ನಾಯುವಿಗೆ ಮತ್ತೆ ಕೈಹಾಕುವ ಮುನ್ನ 48 ಗಂಟೆ ಬಿಡಿ” ಎಂದು ಟ್ರೈನರುಗಳು ಹೇಳುವ ಮಾತಿಗೆ ಆಧಾರ ಇದೇ. ಅದು ಕಲ್ಲಿನಲ್ಲಿ ಕೆತ್ತಿದ ನಿಯಮವಲ್ಲ, ಆದರೆ ಹೊಸಬರಿಗೆ ಒಳ್ಳೆಯ ಅಂದಾಜು.

ನೋವಿಗೂ ಈ ಕಟ್ಟಡ ಕೆಲಸಕ್ಕೂ ನೇರ ಸಂಬಂಧವಿಲ್ಲ. ನೋವು ಬಂದರೆ ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ, ಅದನ್ನು ಹೊರಹಾಕಲು ಓಡಬೇಕು ಎಂಬ ಮಾತು ಇವತ್ತಿಗೂ ಪ್ರತಿ ಜಿಮ್‌ನಲ್ಲೂ ಕೇಳುತ್ತದೆ. ಕಸರತ್ತಿನಿಂದ ರಕ್ತದಲ್ಲಿ ಏರಿದ ಲ್ಯಾಕ್ಟೇಟ್ (ಆ ಆಸಿಡ್ ರಕ್ತದಲ್ಲಿ ಇರುವ ರೂಪ) ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಬಂದುಬಿಟ್ಟಿರುತ್ತದೆ. ತೊಡೆ ಹಿಡಿದುಕೊಳ್ಳುವುದು ಮಾರನೆಯ ದಿನ, ನೋವು ತುತ್ತತುದಿಗೆ ಹೋಗುವುದು 24ರಿಂದ 72 ಗಂಟೆಗಳ ನಡುವೆ. ಯಾವಾಗಲೋ ಖಾಲಿಯಾದ ವಸ್ತು ಮೂರನೇ ದಿನ ನೋವು ಕೊಡುವುದು ಹೇಗೆ? ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡೋರ್ ಹಫ್ 1902ರಷ್ಟು ಹಿಂದೆಯೇ ಈ ತಡವಾಗಿ ಬರುವ ನೋವನ್ನು ಬೇರೆಯಾಗಿ ಗುರುತಿಸಿ, ಇದು ಸ್ನಾಯುವಿನೊಳಗೇ ಆದ ಹರುಕಿನಿಂದ ಬರುವುದು ಎಂದು ಬರೆದಿದ್ದರು. ಈಗಿನ ವಿವರಣೆಯೂ ಹೆಚ್ಚು ದೂರ ಹೋಗಿಲ್ಲ: ಎಳೆಗಳಲ್ಲಿ ತೀರಾ ಸಣ್ಣ ಗಾಯ, ಅದರ ಸುತ್ತ ಉರಿಯೂತ, ಅದರಿಂದ ಚುರುಕಾದ ನೋವಿನ ನರಗಳು.

ಈ ಸಣ್ಣ ಗಾಯಗಳನ್ನು ಅತಿ ಹೆಚ್ಚು ಮಾಡುವುದು ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುವ ಚಲನೆ. ಡಂಬೆಲ್ಲನ್ನು ಮೇಲೆತ್ತುವಾಗಲ್ಲ, ನಿಧಾನವಾಗಿ ಕೆಳಗಿಳಿಸುವಾಗ. ಬಸ್ಕಿಯಲ್ಲಿ ಏಳುವಾಗಲ್ಲ, ಕೂರುವಾಗ. ಬೆಟ್ಟ ಇಳಿಯುವಾಗ ಪ್ರತಿ ಮೆಟ್ಟಿಲಿಗೂ ತೊಡೆಯ ಮುಂಭಾಗದ ಸ್ನಾಯು ಇಡೀ ಮೈಭಾರಕ್ಕೆ ಬ್ರೇಕ್ ಹಾಕುತ್ತಾ ಉದ್ದವಾಗುತ್ತದೆ. ಸಾವಿರ ಮೆಟ್ಟಿಲೆಂದರೆ ಎರಡೂ ಕಾಲಿಗೆ ಸೇರಿ ಸಾವಿರ ಬ್ರೇಕು. ಆದ್ದರಿಂದ ಕಾಲಿನ ಸರದಿಯ ಮರುದಿನ ಚಾಮುಂಡಿ ಬೆಟ್ಟವಾಗಲಿ, ಸಾವನದುರ್ಗವಾಗಲಿ, ಕುಮಾರಪರ್ವತವಾಗಲಿ ಬಿಡುವಲ್ಲ. ಅದು ಇನ್ನೊಂದು ಕಾಲಿನ ಸರದಿ. ಟ್ರೆಕ್ಕಿಂಗ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಭಾನುವಾರ ಬೆಟ್ಟವಿದ್ದರೆ ಕಾಲಿನ ಸರದಿಯನ್ನು ಬುಧವಾರಕ್ಕೋ ಗುರುವಾರಕ್ಕೋ ತಂದುಕೊಳ್ಳಿ, ಶನಿವಾರ ಭುಜ–ಬೆನ್ನು ಮಾಡಿ.

ನೋವಿನ ಬಗ್ಗೆ ಇನ್ನೊಂದು ಮಾತು. ಅದೇ ಕಸರತ್ತನ್ನು ಒಂದೆರಡು ವಾರ ಬಿಟ್ಟು ಮತ್ತೆ ಮಾಡಿದರೆ ನೋವು ಅರ್ಧಕ್ಕರ್ಧ ಇರುವುದಿಲ್ಲ. ಸ್ನಾಯು ಅಷ್ಟು ಬೇಗ ಪಳಗುತ್ತದೆ. ಹಾಗಾಗಿ ನೋವಿಲ್ಲ ಎಂದರೆ ಕಸರತ್ತು ಸಾಲಲಿಲ್ಲ ಅಂತಲ್ಲ, ನೋವಿದೆ ಎಂದರೆ ಚೆನ್ನಾಗಿ ಆಯಿತು ಅಂತಲೂ ಅಲ್ಲ. ನೋವು ಹೋಗುವ ತನಕ ಕಾಯಬೇಕೆಂದೂ ಇಲ್ಲ. ಆದರೆ ಕುರ್ಚಿಯಿಂದ ಏಳಲು ಕೈ ಊರಬೇಕಾದ ಸ್ಥಿತಿಯಲ್ಲಿ ಸ್ಕ್ವಾಟ್ ರ‍್ಯಾಕಿನ ಕೆಳಗೆ ನಿಲ್ಲಬೇಡಿ. ಸೋತ ಕಾಲಿನಲ್ಲಿ ಮೊಣಕಾಲು, ಸೊಂಟ ಹೊರಳುವ ದಿಕ್ಕೇ ತಪ್ಪುತ್ತದೆ.

ತಟ್ಟೆಯ ಲೆಕ್ಕ

ಸ್ನಾಯುವಿನೊಳಗೆ ಶೇಖರವಾಗಿರುವ ಇಂಧನದ ಹೆಸರು ಗ್ಲೈಕೋಜೆನ್. ಅನ್ನ, ಮುದ್ದೆ, ರೊಟ್ಟಿ, ಹಣ್ಣು ಕೊನೆಗೆ ಹೋಗಿ ಸೇರುವುದು ಇದಕ್ಕೇ. ದೀರ್ಘ ಓಟ, ಸೈಕ್ಲಿಂಗ್ ಅಥವಾ ಎರಡು ಗಂಟೆ ಬ್ಯಾಡ್ಮಿಂಟನ್ ಆದಮೇಲೆ ಇದು ಬಹುಪಾಲು ಖಾಲಿ. ಸಾಕಷ್ಟು ತಿಂದರೆ ಸುಮಾರು ಒಂದು ದಿನದಲ್ಲಿ ಮತ್ತೆ ತುಂಬುತ್ತದೆ. ತಿನ್ನದಿದ್ದರೆ ತುಂಬುವುದಿಲ್ಲ, ಮರುದಿನ ಎಷ್ಟು ಮಲಗಿದರೂ ಅಷ್ಟೇ.

ಇಲ್ಲೇ ತುಂಬಾ ಜನ ಎಡವುವುದು. “ಇವತ್ತು ಜಿಮ್ ಇಲ್ಲ, ಹಾಗಾಗಿ ಬರೀ ಸಲಾಡ್” ಎಂದು ಬಿಡುವಿನ ದಿನವನ್ನು ಉಪವಾಸದ ದಿನ ಮಾಡಿಕೊಳ್ಳುತ್ತಾರೆ. ನಮ್ಮ ಕಡೆ ಇದಕ್ಕೆ ವಾರದ ಕಟ್ಟಳೆಯೂ ಸೇರಿಕೊಳ್ಳುತ್ತದೆ. ಸೋಮವಾರ, ಶನಿವಾರ ಒಪ್ಪತ್ತು, ಕೆಲವು ವಾರಗಳಲ್ಲಿ ಮಾಂಸ, ಮೊಟ್ಟೆ ಮುಟ್ಟುವಂತಿಲ್ಲ, ಏಕಾದಶಿ ಬೇರೆ. ವ್ರತ ಬಿಡಬೇಕಿಲ್ಲ, ಕಸರತ್ತಿನ ಚಾರ್ಟನ್ನು ಅದಕ್ಕೆ ಹೊಂದಿಸಿಕೊಂಡರಾಯಿತು. ಶನಿವಾರ ಒಪ್ಪತ್ತು ಇರುವವರು ಶುಕ್ರವಾರ ಸಂಜೆ ಅತಿ ಭಾರದ ಸರದಿ ಇಟ್ಟುಕೊಂಡರೆ, ಕಟ್ಟಡ ಕೆಲಸ ಜೋರಾಗಿ ನಡೆಯುವ 24 ಗಂಟೆಯಲ್ಲೇ ಸಾಮಗ್ರಿ ಇಲ್ಲದಂತಾಗುತ್ತದೆ. ಅದನ್ನು ಬುಧವಾರಕ್ಕೆ ತಂದು ಶುಕ್ರವಾರ ಹಗುರ ಮಾಡಿಕೊಳ್ಳಬಹುದು.

ಪ್ರೋಟೀನಿನ ಪ್ರಮಾಣ ಬಿಡುವಿನ ದಿನ ಒಂದು ಗ್ರಾಂ ಕೂಡ ಇಳಿಯಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ಮೈತೂಕಕ್ಕೆ 0.83 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಸುಮಾರು 1.6 ಗ್ರಾಂವರೆಗೆ ಲಾಭವಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಕಂಡುಕೊಂಡಿದ್ದಾರೆ. 60 ಕಿಲೋ ತೂಕದವರಿಗೆ ಅದು 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8, ನೂರು ಗ್ರಾಂ ಹುರುಳಿಕಾಳಿನಲ್ಲಿ 22, ಅಷ್ಟೇ ಶೇಂಗಾದಲ್ಲಿ 25. ಅನ್ನ–ತಿಳಿಸಾರು–ಉಪ್ಪಿನಕಾಯಿಯ ಊಟದಲ್ಲಿ ಈ ಲೆಕ್ಕ ಹತ್ತಿರಕ್ಕೂ ಬರುವುದಿಲ್ಲ. ಬಿಡುವಿನ ದಿನ ಅಡುಗೆಗೆ ಸಮಯ ಇರುತ್ತದೆ ಎಂಬುದೇ ಅದರ ದೊಡ್ಡ ಅನುಕೂಲ: ಹುರುಳಿ ಬೇಯಿಸಿ ಕಟ್ಟಿನಲ್ಲಿ ಸಾರು ಮಾಡಿ, ಕಾಳನ್ನು ಒಗ್ಗರಣೆ ಹಾಕಿ ಎರಡು ದಿನಕ್ಕೆ ಫ್ರಿಜ್ಜಿನಲ್ಲಿಡಬಹುದು, ಹೆಸರುಕಾಳು ಮೊಳಕೆಗೆ ಕಟ್ಟಬಹುದು.

ಬಿಡುವಿನ ಮರುದಿನ ತೂಕದ ಯಂತ್ರದ ಮೇಲೆ ನಿಂತು ಗಾಬರಿಯಾಗುವವರೂ ಇದ್ದಾರೆ. ಪ್ರತಿ ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಖಾಲಿಯಾಗಿದ್ದ ಸ್ನಾಯು ತುಂಬಿಕೊಂಡಾಗ ಅರ್ಧ ಕಿಲೋ, ಒಂದು ಕಿಲೋ ಏರುವುದು ಸಹಜ. ಅದು ಬೊಜ್ಜಲ್ಲ.

ಎಲ್ಲಕ್ಕಿಂತ ನಿಧಾನ

ಸ್ನಾಯುರಜ್ಜುವಿಗೆ ರಕ್ತದ ಹರಿವು ಕಡಿಮೆ, ಆದ್ದರಿಂದ ಅದರ ಚೇತರಿಕೆಯೂ ನಿಧಾನ. ಡೆನ್ಮಾರ್ಕಿನ ಸಂಶೋಧಕರು ಹಲವು ವರ್ಷ ಇದನ್ನು ಅಳೆದು ತೋರಿಸಿರುವ ಚಿತ್ರ ಹೀಗಿದೆ: ಕಸರತ್ತಾದ ಮೇಲೆ ರಜ್ಜುವಿಗೆ ಗಟ್ಟಿತನ ಕೊಡುವ ಕೊಲ್ಯಾಜೆನ್ ಎಂಬ ಪ್ರೋಟೀನ್ ಒಡೆಯುವುದೂ ಹೆಚ್ಚುತ್ತದೆ, ಹೊಸದಾಗಿ ಕಟ್ಟುವುದೂ ಹೆಚ್ಚುತ್ತದೆ. ಆದರೆ ಮೊದಲ 24–36 ಗಂಟೆ ಒಡೆಯುವುದರ ಕೈ ಮೇಲು. ಆಮೇಲೆ ಕಟ್ಟುವುದು ಮುಂದೆ ಬಂದು, ಮೂರು ದಿನದವರೆಗೂ ಮುಂದುವರಿಯುತ್ತದೆ. ಅಂದರೆ ದಿನಾ ಒಂದೇ ರಜ್ಜುವಿಗೆ ಪೆಟ್ಟು ಕೊಡುವವರು ಪ್ರತಿದಿನ ನಷ್ಟದ ಘಟ್ಟದಲ್ಲೇ ನಿಂತಿರುತ್ತಾರೆ. ಲಾಭದ ಘಟ್ಟ ಬರುವಷ್ಟರಲ್ಲಿ ಮತ್ತೊಂದು ಪೆಟ್ಟು.

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟಕ್ಕೆಂದು ಹೊಸದಾಗಿ ಓಡಲು ಶುರುಮಾಡುವವರಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೂರು ವಾರದಲ್ಲಿ ಉಸಿರು ಹದಕ್ಕೆ ಬರುತ್ತದೆ, ಐದಾರು ವಾರದಲ್ಲಿ ಮೀನಖಂಡ ಗಟ್ಟಿಯಾಗುತ್ತದೆ. ಹುರುಪಿನಲ್ಲಿ ದಿನಾ ಕಬ್ಬನ್ ಪಾರ್ಕ್ ಸುತ್ತುತ್ತಾರೆ. ಎರಡನೇ ತಿಂಗಳು ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಯ ಹಿಂದೆ ಚುಳುಕ್ ಎನ್ನುತ್ತದೆ. ಹತ್ತು ಹೆಜ್ಜೆ ನಡೆದರೆ ಹೋಗುತ್ತದೆ, ಹಾಗಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಸಿರು, ಸ್ನಾಯು ಎರಡೂ ‘ಸಿದ್ಧ’ ಅನ್ನುತ್ತಿರುವಾಗ ರಜ್ಜು ಇನ್ನೂ ಸಿದ್ಧವಾಗಿಲ್ಲ ಎಂಬುದರ ಸುಳಿವು ಅದು. ತಿಂಗಳುಗಟ್ಟಲೆ ಕಾಡುವ ಹಿಮ್ಮಡಿ ನೋವು, ಮೊಣಕೈ ನೋವುಗಳು ಬಹುಮಟ್ಟಿಗೆ ಹೀಗೇ ಬರುತ್ತವೆ. ಹೊಸ ಓಟಗಾರರು ಒಂದು ದಿನ ಬಿಟ್ಟು ಒಂದು ದಿನ ಓಡಬೇಕು ಎನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ಅತ್ಯಂತ ಬಲವಾದ ಕಾರಣ. ನಡುವಿನ ದಿನ ಈಜಬಹುದು, ತೋಳಿನ ಕಸರತ್ತು ಮಾಡಬಹುದು. ಕಾಲಿಗೆ ನೆಲದ ಪೆಟ್ಟು ಬೀಳಬಾರದು ಅಷ್ಟೆ.

ಹಾಗಾದರೆ ಆ ದಿನ ಮಾಡುವುದೇನು

ಮೊದಲು ನಿಮ್ಮ ಕೆಲಸ ನೋಡಿಕೊಳ್ಳಿ. ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ, ಎರಡು ಗಂಟೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂರುವವರಿಗೆ ‘ಪೂರ್ತಿ ರೆಸ್ಟ್’ ಎಂದರೆ ಇನ್ನಷ್ಟು ಕೂರುವುದು. ಅವರಿಗೆ ಬಿಡುವಿನ ದಿನ ನಡಿಗೆಯೇ ಔಷಧಿ. ಮೂವತ್ತು, ನಲವತ್ತು ನಿಮಿಷ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಹರಟೆ ಹೊಡೆಯಲು ಆಗುವಷ್ಟು ವೇಗದಲ್ಲಿ. ಮಾತು ತುಂಡಾಗುತ್ತಿದೆ ಎಂದರೆ ಅದು ನಡಿಗೆಯಲ್ಲ, ಕಸರತ್ತು. ಹೀಗೆ ಹಗುರವಾಗಿ ಆಡಿದರೆ ಬಿಗಿತ ಸಡಿಲವಾಗುತ್ತದೆ, ಆಡುವಷ್ಟು ಹೊತ್ತು ನೋವೂ ತಗ್ಗುತ್ತದೆ. ಸ್ನಾಯು ಬೇಗ ಬೆಳೆಯುತ್ತದೆ ಎಂಬ ಭರವಸೆ ಮಾತ್ರ ಬೇಡ. ಅದಕ್ಕೆ ಪುರಾವೆ ಇಲ್ಲ.

ಗಾರೆ ಕೆಲಸದವರು, ದಿನವಿಡೀ ಮೆಟ್ಟಿಲು ಹತ್ತಿಳಿದು ಪಾರ್ಸೆಲ್ ಕೊಡುವವರು, ಹೊಲದಲ್ಲಿ ದುಡಿದು ಸಂಜೆ ಊರಿನ ಗರಡಿಯಲ್ಲಿ ದಂಡ–ಬಸ್ಕಿ ಹೊಡೆಯುವ ಹುಡುಗರು, ಇವರ ಮಾತೇ ಬೇರೆ. ಇವರಿಗೆ ‘ಆಕ್ಟಿವ್ ರಿಕವರಿ’, ಅಂದರೆ ಹಗುರವಾಗಿ ಮೈ ಆಡಿಸುತ್ತಲೇ ಚೇತರಿಸಿಕೊಳ್ಳುವುದನ್ನು, ಹೇಳಿಕೊಡುವ ಟ್ರೈನರಿಗೆ ತಲೆ ಸರಿಯಿಲ್ಲ. ಇವರಿಗೆ ಬೇಕಾದದ್ದು ಚಾಪೆ.

ರೈತರು ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಅದು ಬಸವಣ್ಣನ ವಾರ. ಎತ್ತು ದಣಿದಂತೆ ಕಾಣುತ್ತಿದೆಯೋ ಇಲ್ಲವೋ ಎಂದು ಅಂದು ಬೆಳಿಗ್ಗೆ ಯಾರೂ ಚರ್ಚೆ ಮಾಡುವುದಿಲ್ಲ. ವಾರ ಬಂತು, ಬಿಡುವು ಬಂತು. ಮೈಸೂರಿನ ಅಷ್ಟಾಂಗ ಯೋಗ ಪದ್ಧತಿಯಲ್ಲೂ ಇದೇ ಶಿಸ್ತು ಇದೆ. ಕೆ. ಪಟ್ಟಾಭಿ ಜೋಯಿಸರು ಕಲಿಸಿದ ಈ ಪದ್ಧತಿ ಸುಲಭದ್ದಲ್ಲ, ವಾರಕ್ಕೆ ಆರು ದಿನ ಬೆವರು ಹರಿಸುವ ಅಭ್ಯಾಸ. ಆದರೆ ಸಂಪ್ರದಾಯದ ಪ್ರಕಾರ ಶನಿವಾರ ರಜೆ, ಅಮಾವಾಸ್ಯೆಗೆ ರಜೆ, ಹುಣ್ಣಿಮೆಗೆ ರಜೆ. ಚಂದ್ರನ ಕಾರಣ ನಂಬುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಲೆಕ್ಕ ಹಾಕಿದರೆ ತಿಂಗಳಿಗೆ ಆರು ದಿನದ ಬಿಡುವು ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ, ಮನಸ್ಸಿನ ಹುರುಪಿಗೆ ಅಲ್ಲಿ ಮಾತಿಲ್ಲ. ಶನಿವಾರ ಎಣ್ಣೆಸ್ನಾನ ಮಾಡಿ ಎಂದೂ ಜೋಯಿಸರು ಶಿಷ್ಯರಿಗೆ ಹೇಳುತ್ತಿದ್ದರು. ದೂರದೇಶಗಳಿಂದ ಬಂದವರು ಮೈಗೆ ಹರಳೆಣ್ಣೆ ಹಚ್ಚಿಕೊಂಡು ಕೂರುವುದನ್ನು ಕಲಿತದ್ದು ಹೀಗೆ. ಎಣ್ಣೆ ಒಳಗಿಳಿದು ಸ್ನಾಯುವನ್ನು ಸರಿಮಾಡುತ್ತದೆ ಎಂದು ನಾನು ಹೇಳಲಾರೆ. ಆದರೆ ಅರ್ಧ ಗಂಟೆ ಮೈ ತಿಕ್ಕಿಕೊಂಡು, ಬಿಸಿನೀರು ಹುಯ್ದುಕೊಂಡು, ತಿಂದು ಮಲಗಿದವರು ಆ ದಿನ ಟ್ರೆಡ್‌ಮಿಲ್ ಕಡೆ ತಲೆ ಹಾಕುವುದಿಲ್ಲ. ಅದೇ ದೊಡ್ಡ ಗುಣ.

ನಿದ್ದೆಯ ಜಾಗವನ್ನು ಮಾತ್ರ ಬೇರೆ ಯಾವುದೂ ತುಂಬಲಾರದು. ಬೆಳವಣಿಗೆಯ ಹಾರ್ಮೋನಿನ ದೊಡ್ಡ ಪಾಲು ಗಾಢನಿದ್ದೆಯಲ್ಲಿ ಬಿಡುಗಡೆಯಾಗುತ್ತದೆ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನದಲ್ಲಿ ಆರೋಗ್ಯವಂತ ಯುವಜನರು ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟಾಗ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ವೇಗ ಶೇ. 18ರಷ್ಟು ಇಳಿಯಿತು. ವಯಸ್ಕರಿಗೆ ಬೇಕಾದದ್ದು ಏಳರಿಂದ ಒಂಬತ್ತು ಗಂಟೆ. ಭಾನುವಾರ ಬಾಡೂಟ ಮುಗಿಸಿ ಇಪ್ಪತ್ತು, ಮೂವತ್ತು ನಿಮಿಷ ಅಡ್ಡಾದರೆ ಹಿತ. ಮೂರು ಗಂಟೆ ಗೊರಕೆ ಹೊಡೆದರೆ ರಾತ್ರಿ ಒಂದಾದರೂ ಕಣ್ಣು ಮುಚ್ಚುವುದಿಲ್ಲ, ಸೋಮವಾರದ ಕಸರತ್ತು ಕೆಟ್ಟಿತು.

ಶನಿವಾರ ರಾತ್ರಿಯ ಪಾರ್ಟಿಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ಇಂಥ ಪ್ರಯೋಗಗಳಲ್ಲಿ ಆಸ್ಟ್ರೇಲಿಯದವರು ಯಾವಾಗಲೂ ಮುಂದು: 2014ರಲ್ಲಿ, ಕಸರತ್ತು ಮಾಡಿದ ಯುವಕರಿಗೆ ಪ್ರೋಟೀನ್ ಜೊತೆಗೇ ಚೆನ್ನಾಗಿ ಮದ್ಯ ಕುಡಿಸಿ ಅಳೆದರು. ಬರೀ ಪ್ರೋಟೀನ್ ತೆಗೆದುಕೊಂಡಾಗಿನದಕ್ಕಿಂತ ಕಟ್ಟಡ ಕೆಲಸ ಶೇ. 24 ಕಡಿಮೆಯಾಗಿತ್ತು. ಅವರು ಕುಡಿಸಿದ ಪ್ರಮಾಣ ಜಾಸ್ತಿಯೇ ಇತ್ತು ಎಂಬುದು ನಿಜ. ಆದರೆ ಕೆಲವರ ಶನಿವಾರದ ಪ್ರಮಾಣವೂ ಕಡಿಮೆ ಇರುವುದಿಲ್ಲ.

ಈಗ ಐಸ್ ಬಾತ್ ಎಂಬುದೊಂದು ಫ್ಯಾಷನ್ ಬಂದಿದೆ; ಡ್ರಮ್ಮಿನಲ್ಲಿ ಮಂಜುಗಡ್ಡೆ ತುಂಬಿ ಕೂತು ವಿಡಿಯೋ ಹಾಕುತ್ತಾರೆ. ತಣ್ಣೀರಿನಿಂದ ನೋವು ಸ್ವಲ್ಪ ಕಡಿಮೆಯಾಗುತ್ತದೆ, ಸುಳ್ಳಲ್ಲ. ಆದರೆ 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 12 ವಾರ ಭಾರ ಎತ್ತಿದವರ ಪೈಕಿ, ಪ್ರತಿ ಸಲವೂ ಹತ್ತು ನಿಮಿಷ ತಣ್ಣೀರಿನಲ್ಲಿ ಕೂತವರ ಸ್ನಾಯು ಮತ್ತು ಬಲ, ಹಗುರವಾಗಿ ಸೈಕಲ್ ತುಳಿದವರಷ್ಟು ಬೆಳೆಯಲಿಲ್ಲ. ನಾಳೆಯೇ ಇನ್ನೊಂದು ಪಂದ್ಯ ಇರುವ ಆಟಗಾರನಿಗೆ ಐಸ್ ಬಾತ್ ಉಪಯೋಗಕ್ಕೆ ಬರಬಹುದು. ಮೈಕಟ್ಟು ಬೆಳೆಸಲು ದುಡ್ಡು ಕೊಟ್ಟು ಜಿಮ್‌ಗೆ ಹೋಗುವವನಿಗೆ ಯಾಕೆ? ನೋವಿನ ಮಾತ್ರೆಯದೂ ಇದೇ ಕಥೆ. ಐಬುಪ್ರೊಫೇನನ್ನು ದಿನಕ್ಕೆ 1,200 ಮಿಲಿಗ್ರಾಂನಂತೆ ಎಂಟು ವಾರ ನುಂಗಿದ ಯುವಜನರ ಸ್ನಾಯು, ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಂಡವರಿಗೆ ಹೋಲಿಸಿದರೆ ಅರ್ಧದಷ್ಟೇ ಬೆಳೆಯಿತು. ಹೊಟ್ಟೆ, ಮೂತ್ರಪಿಂಡಗಳಿಗೆ ಆಗುವ ತೊಂದರೆ ಬೇರೆ. ಮಸಾಜು, ಫೋಮ್ ರೋಲರ್ ಇವೆಲ್ಲ ಹಿತಕ್ಕೆ ಸರಿ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಬಿಟ್ಟರೆ ಇಳಿದುಬಿಡುತ್ತದೆಯೇ

ಎರಡು ದಿನ ತಪ್ಪಿದರೆ ಮಾಡಿದ್ದೆಲ್ಲ ನೀರಿಗೆ ಹೋಯಿತು ಎಂಬ ಹೆದರಿಕೆಯೇ ಬಿಡುವಿನ ದಿನಕ್ಕೆ ದೊಡ್ಡ ಶತ್ರು. ವರ್ಷಗಟ್ಟಲೆ ಅಭ್ಯಾಸ ಮಾಡಿದ ಓಟಗಾರರು, ಸೈಕಲ್ ಪಟುಗಳನ್ನು ಪೂರ್ತಿ ನಿಲ್ಲಿಸಿ ಅಳೆದ 1984ರ ಪ್ರಸಿದ್ಧ ಅಧ್ಯಯನವೊಂದಿದೆ. ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಮೂರು ವಾರದಲ್ಲಿ ಶೇ. 7 ಇಳಿಯಿತು, ಎಂಟು ವಾರದಲ್ಲಿ ಶೇ. 16. ಮೂರು ವಾರ ಏನೂ ಮಾಡದವರ ಕಥೆ ಇದು. ಇನ್ನು ಭಾರ ಎತ್ತುವ ಬಲ ಅದಕ್ಕಿಂತಲೂ ಗಟ್ಟಿ; ಎರಡು, ಮೂರು ವಾರದಲ್ಲಿ ಹೆಚ್ಚೇನೂ ಕದಲುವುದಿಲ್ಲ. ಸ್ಪರ್ಧೆಗೆ ಇಳಿಯುವ ಓಟಗಾರರು ಕೊನೆಯ ಎರಡು ವಾರ ಓಟದ ಪ್ರಮಾಣವನ್ನು ಬೇಕೆಂದೇ ಅರ್ಧದಷ್ಟಕ್ಕೆ ಇಳಿಸುತ್ತಾರೆ, ಇಳಿಸಿದ್ದಕ್ಕೇ ಚೆನ್ನಾಗಿ ಓಡುತ್ತಾರೆ.

ಬಿಡುವು ಸಾಲುತ್ತಿಲ್ಲ ಎಂಬುದನ್ನು ತಿಳಿಯಲು ಕೈಗಡಿಯಾರದ ಆಪ್ ಬೇಕೇ ಬೇಕೆಂದಿಲ್ಲ. ಬೆಳಿಗ್ಗೆ ಏಳುವ ಮುನ್ನ ಹಾಸಿಗೆಯಲ್ಲೇ ನಾಡಿ ಎಣಿಸಿ. ನಾಲ್ಕೈದು ದಿನ ಸತತವಾಗಿ ನಿಮ್ಮ ಮಾಮೂಲಿಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಏನೋ ಸರಿಯಿಲ್ಲ. ಹೋದ ವಾರದ ಭಾರ ಈ ವಾರ ಏಳುತ್ತಿಲ್ಲ, ದಣಿದಿದ್ದರೂ ನಿದ್ದೆ ಹತ್ತುತ್ತಿಲ್ಲ, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೀರಿ, ನೆಗಡಿ ಬಿಟ್ಟುಬಿಟ್ಟು ಬರುತ್ತಿದೆ. ಇವೆಲ್ಲ ಒಟ್ಟಿಗೆ ಬಂದರೆ ಒಂದು ದಿನವಲ್ಲ, ಒಂದು ವಾರ ಅರ್ಧ ಭಾರದಲ್ಲಿ ಕಳೆಯಿರಿ. ಕಡಿಮೆ ತಿಂದು ಹೆಚ್ಚು ಕಸರತ್ತು ಮಾಡುವ ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗುವುದು, ನಿಲ್ಲುವುದು ಇನ್ನೂ ಗಂಭೀರ ಸೂಚನೆ. ಶಕ್ತಿಯ ಕೊರತೆಯಿಂದ ಮೂಳೆಯೂ ಸವೆಯುತ್ತಿರಬಹುದು, ವೈದ್ಯರನ್ನು ಕಾಣಲೇಬೇಕು. ಜ್ವರವಿರುವಾಗ, ಅದರಲ್ಲೂ ಮಳೆಗಾಲದ ವೈರಲ್ ಜ್ವರ, ಡೆಂಗಿ ಬಂದಾಗ ಬೆವರು ಹರಿಸಿ ಜ್ವರ ಇಳಿಸುತ್ತೇನೆ ಎನ್ನುವ ಸಾಹಸ ಬೇಡ. ಹೃದಯದ ಸ್ನಾಯುವಿಗೆ ಉರಿಯೂತ ತಗುಲಿದರೆ ಪ್ರಾಣಕ್ಕೆ ಬರುತ್ತದೆ. ಮೊದಲ ದಿನವೇ ಪಂತ ಕಟ್ಟಿ ಇನ್ನೂರು, ಮುನ್ನೂರು ಬಸ್ಕಿ ಹೊಡೆದ ಮೇಲೆ ತೊಡೆ ಊದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಮೈಕೈ ನೋವಲ್ಲ. ಒಡೆದ ಸ್ನಾಯುವಿನ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತಿವೆ ಎಂದರ್ಥ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇಷ್ಟಾದ ಮೇಲೆ ವಾರ ಹಂಚುವುದು ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದೇ ವಾರಕ್ಕೆ 150ರಿಂದ 300 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುವಿಗೆ ಭಾರ. ಹೊಸಬರಿಗೆ ಸೋಮ, ಬುಧ, ಶುಕ್ರ ಇಡೀ ಮೈಗೆ ಕಸರತ್ತು, ನಡುವಿನ ದಿನಗಳಲ್ಲಿ ನಡಿಗೆ. ವರ್ಷವಾದರೂ ಈ ಹಂಚಿಕೆ ಸಾಲದಾಗುವುದು ಅಪರೂಪ. ನಾಲ್ಕು ದಿನ ಹೋಗುವವರು ಎರಡು ದಿನ ಸೊಂಟದ ಮೇಲಿನ ಭಾಗ, ಎರಡು ದಿನ ಕೆಳಗಿನದು ಎಂದು ಬದಲಿಸಿಕೊಂಡರೆ ಪ್ರತಿ ಭಾಗಕ್ಕೂ ಎರಡು ದಿನ ಸಿಗುತ್ತದೆ. ಐವತ್ತು ದಾಟಿದವರು ಒಂದು ದಿನ ಹೆಚ್ಚೇ ಬಿಡಲಿ, ಚೇತರಿಕೆ ನಿಧಾನವಾಗಿರುತ್ತದೆ. ಆದರೆ ಕಸರತ್ತನ್ನೇ ಬಿಡಬಾರದು, ಆ ವಯಸ್ಸಿಗೇ ಅದು ಹೆಚ್ಚು ಬೇಕು.

ಬಿಡುವಿನ ದಿನ ಭಾನುವಾರವೇ ಆಗಬೇಕೆಂದೂ ಇಲ್ಲ. ಮದುವೆಗೋ ಜಾತ್ರೆಗೋ ಹುಬ್ಬಳ್ಳಿಗೆ ಹೋಗಿ, ಎರಡು ರಾತ್ರಿ ಸರಿಯಾಗಿ ನಿದ್ದೆಯಿಲ್ಲದೆ, ಭಾನುವಾರ ರಾತ್ರಿಯ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದವರು ಆ ಎರಡು ದಿನವನ್ನು ಬಿಡುವೆಂದು ಬರೆದುಕೊಳ್ಳಬಾರದು. ಸೋಮವಾರ ಬೆಳಿಗ್ಗೆ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದು ಎಂಟಕ್ಕೆ ಡೆಡ್‌ಲಿಫ್ಟ್ ಮಾಡುವ ತುರ್ತೇನಿದೆ? ಅದನ್ನು ಮಂಗಳವಾರಕ್ಕೆ ತಳ್ಳಿ, ಬುಧವಾರದ್ದನ್ನು ಗುರುವಾರಕ್ಕೆ, ಶುಕ್ರವಾರದ್ದನ್ನು ಶನಿವಾರ ಬೆಳಿಗ್ಗೆಗೆ ಇಟ್ಟುಕೊಂಡರೆ ಮೂರೂ ಸರದಿ ಮುಗಿದು ನಡುವೆ ಒಂದೊಂದು ದಿನವೂ ಉಳಿಯುತ್ತದೆ. ಟ್ರೈನರಿಗೆ ಒಂದು ಮೆಸೇಜ್ ಹಾಕಿದರೆ ಸಾಕು.